ಕಾಣದ ಅಲೆಗಳ ಹಂಚಿಕೆ

1912ನೆಯ ಇಸವಿಯ ಏಪ್ರಿಲ್ 14ರ ರಾತ್ರಿ. ಅಟ್ಲಾಂಟಿಕ್ ಸಾಗರದ ಉತ್ತರ ಭಾಗದಲ್ಲಿ ಟೈಟಾನಿಕ್ ಎಂಬ ಭಾರಿ ಹಡಗು ನ್ಯೂಯಾರ್ಕ್ ನಗರದ ಕಡೆಗೆ ವೇಗವಾಗಿ ಸಾಗುತ್ತಿತ್ತು. ಹಡಗಿನ ನಿಸ್ತಂತು ಕೊಠಡಿಯಲ್ಲಿ ಕುಳಿತಿದ್ದ ನಿರ್ವಾಹಕನು ಪ್ರಯಾಣಿಕರ ಖಾಸಗಿ ಸಂದೇಶಗಳನ್ನು ದೂರದ ಕರಾವಳಿ ಕೇಂದ್ರವೊಂದಕ್ಕೆ ಕಳುಹಿಸುವುದರಲ್ಲಿ ಮಗ್ನನಾಗಿದ್ದನು. ಹನ್ನೊಂದು ಗಂಟೆಯ ಸುಮಾರಿಗೆ ಅವನ ಕಿವಿಗೆ ಮತ್ತೊಂದು ಹಡಗಿನ ಸಂಕೇತವು ಗಟ್ಟಿಯಾಗಿ ಬಡಿಯಿತು. ಹೆಚ್ಚು ದೂರವಿಲ್ಲದ ಕ್ಯಾಲಿಫೋರ್ನಿಯನ್ ಎಂಬ ಹಡಗು, ತಾನು ಹಿಮಗಡ್ಡೆಗಳ ನಡುವೆ ನಿಂತಿರುವುದಾಗಿ ತಿಳಿಸಲು ಯತ್ನಿಸುತ್ತಿತ್ತು. ಆ ಸದ್ದಿನಲ್ಲಿ ದೂರದ ಕೇಂದ್ರದ ಕ್ಷೀಣವಾದ ಧ್ವನಿ ಮುಳುಗಿಹೋಯಿತು. ಬೇಸರಗೊಂಡ ಟೈಟಾನಿಕ್ಕಿನ ನಿರ್ವಾಹಕನು ಸುಮ್ಮನಿರುವಂತೆ ಮರುಸಂಕೇತವಿತ್ತನು. ಸ್ವಲ್ಪ ಹೊತ್ತಿನ ಮೇಲೆ ಕ್ಯಾಲಿಫೋರ್ನಿಯನ್ನಿನ ನಿರ್ವಾಹಕನು ತನ್ನ ಯಂತ್ರವನ್ನು ನಿಲ್ಲಿಸಿ ಮಲಗಿದನು. ಅಷ್ಟರಲ್ಲಿ ಟೈಟಾನಿಕ್ ಹಿಮಗಡ್ಡೆಗೆ ಬಡಿಯಿತು. ಅದು ಕಳುಹಿಸಿದ ಆರ್ತ ಸಂಕೇತಗಳು ಹತ್ತಿರದ ಹಡಗಿಗೆ ಕೇಳಲೇ ಇಲ್ಲ. ದೂರದಿಂದ ಧಾವಿಸಿ ಬಂದ ಕಾರ್ಪೇಥಿಯ ಎಂಬ ಹಡಗು ಸುಮಾರು 700 ಮಂದಿಯನ್ನು ಮಾತ್ರ ಉಳಿಸಿತು. ಸುಮಾರು 1,500 ಮಂದಿ ಜಲಸಮಾಧಿಯಾದರು.

ಈ ದುರಂತಕ್ಕೆ ಹಿಮಗಡ್ಡೆ, ವೇಗ, ಪ್ರಾಣರಕ್ಷಕ ದೋಣಿಗಳ ಕೊರತೆ ಇವೆಲ್ಲವೂ ಕಾರಣಗಳೇ. ಆದರೆ ಅದರಿಂದ ಇನ್ನೊಂದು ಸಂಗತಿಯೂ ಲೋಕಕ್ಕೆ ಮನವರಿಕೆಯಾಯಿತು. ಆ ಕಾಲದ ನಿಸ್ತಂತು ಯಂತ್ರಗಳು ಕಿಡಿಯಿಂದ ಅಲೆಗಳನ್ನು ಹೊಮ್ಮಿಸುತ್ತಿದ್ದವು; ಅವು ಬಹಳ ಅಗಲವಾಗಿ ಹರಡಿ ಒಂದನ್ನೊಂದು ಕೆಡಿಸುತ್ತಿದ್ದವು. ಯಾರು ಯಾವಾಗ ಯಾವ ಅಲೆಯ ಮೇಲೆ ಮಾತನಾಡಬೇಕು, ಯಾರು ಸದಾ ಕಿವಿಗೊಟ್ಟಿರಬೇಕು ಎಂಬ ಕಟ್ಟುಪಾಡು ಬಲವಾಗಿರಲಿಲ್ಲ. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ರೇಡಿಯೊ ಕಾಯಿದೆಯೊಂದನ್ನು ಮಾಡಿ, ಪರವಾನಗಿಯಿಲ್ಲದೆ ಯಾರೂ ಅಲೆಗಳನ್ನು ಪ್ರಸಾರ ಮಾಡಕೂಡದೆಂದು ವಿಧಿಸಿತು. ಹೀಗೆ ಕಣ್ಣಿಗೆ ಕಾಣದ ಅಲೆಗಳು ಸರ್ಕಾರಗಳ ನೀತಿಗೆ ಒಳಪಟ್ಟವು. ಅಂದಿನಿಂದ ಇಂದಿನವರೆಗೆ ಒಂದು ಪ್ರಶ್ನೆ ಎಲ್ಲ ದೇಶಗಳನ್ನೂ ಕಾಡುತ್ತ ಬಂದಿದೆ: ಎಲ್ಲರಿಗೂ ಸೇರಿದ ಈ ಅಲೆಗಳನ್ನು ಯಾರಿಗೆ, ಎಷ್ಟು, ಯಾವ ನಿಯಮದ ಮೇಲೆ ಹಂಚಬೇಕು?

ಈ ಪ್ರಶ್ನೆಯನ್ನು ತಿಳಿಯಬೇಕಾದರೆ ಮೊದಲು ಅಲೆಗಳ ಸ್ವರೂಪವನ್ನು ಅರಿಯಬೇಕು. ಕೊಳಕ್ಕೆ ಕಲ್ಲೆಸೆದಾಗ ನೀರಿನಲ್ಲಿ ಅಲೆಗಳು ಏಳುವಂತೆ, ಲೋಹದ ತಂತಿಯಲ್ಲಿ ವಿದ್ಯುತ್ತು ವೇಗವಾಗಿ ಹಿಂದುಮುಂದಕ್ಕೆ ಚಲಿಸಿದಾಗ ಸುತ್ತಲೂ ವಿದ್ಯುತ್ಕಾಂತ ಅಲೆಗಳು ಹೊರಹೊಮ್ಮುತ್ತವೆ. ಅವು ಬೆಳಕಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರಿನಂತೆ ಸಾಗುತ್ತವೆ. ಒಂದು ಸೆಕೆಂಡಿನಲ್ಲಿ ಎಷ್ಟು ಅಲೆಗಳು ಏಳುತ್ತವೆಯೋ ಆ ಸಂಖ್ಯೆಗೆ ಕಂಪನಾಂಕ ಎಂದು ಹೆಸರು. ಸೆಕೆಂಡಿಗೆ ಒಂದು ಕಂಪನವಾದರೆ ಅದು ಒಂದು ಹರ್ಟ್ಸ್, ಸಾವಿರವಾದರೆ ಕಿಲೋಹರ್ಟ್ಸ್, ಹತ್ತು ಲಕ್ಷವಾದರೆ ಮೆಗಾಹರ್ಟ್ಸ್, ನೂರು ಕೋಟಿಯಾದರೆ ಗಿಗಾಹರ್ಟ್ಸ್. ಕೇಳುಗರಿಗೆ ಬಹುಕಾಲದಿಂದ ಪರಿಚಿತವಾದ ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಕಂಪನಾಂಕ 612 ಕಿಲೋಹರ್ಟ್ಸ್. ಎಫ್.ಎಂ. ಪ್ರಸಾರವು 88ರಿಂದ 108 ಮೆಗಾಹರ್ಟ್ಸ್‌ಗಳ ನಡುವೆ ನಡೆಯುತ್ತದೆ. ಸಂಚಾರಿ ದೂರವಾಣಿಗಳು ಇದಕ್ಕಿಂತ ಮೇಲಿನ ಕಂಪನಾಂಕಗಳನ್ನು ಬಳಸುತ್ತವೆ. ಈ ಎಲ್ಲ ಕಂಪನಾಂಕಗಳ ಒಟ್ಟು ಸಾಲಿಗೆ ತರಂಗಗುಚ್ಛ ಎಂದು ಹೆಸರು. ವೃತ್ತಪತ್ರಿಕೆಗಳು ಇದನ್ನೇ ತರಂಗಾಂತರ ಎಂದೂ ಸ್ಪೆಕ್ಟ್ರಮ್ ಎಂದೂ ಕರೆಯುವುದುಂಟು.

ಎಲ್ಲ ಕಂಪನಾಂಕಗಳ ಗುಣವೂ ಒಂದೇ ಅಲ್ಲ. ಕಡಿಮೆ ಕಂಪನಾಂಕದ ಅಲೆಗಳು ಬಹುದೂರ ಸಾಗುತ್ತವೆ. ಗೋಡೆಗಳನ್ನು ದಾಟಿ ಮನೆಯೊಳಕ್ಕೂ ಬರುತ್ತವೆ. ಆದರೆ ಆ ಭಾಗದಲ್ಲಿ ಸಿಗುವ ಅವಕಾಶ ಕಿರಿದು. ಅಲ್ಲಿ ಹೆಚ್ಚಿನ ಮಾಹಿತಿಯನ್ನು ಸಾಗಿಸುವುದು ಕಷ್ಟ. ಹೆಚ್ಚು ಕಂಪನಾಂಕದ ಭಾಗದಲ್ಲಿ ಅವಕಾಶ ವಿಶಾಲ. ಚಲನಚಿತ್ರಗಳನ್ನೂ ಕ್ಷಣಾರ್ಧದಲ್ಲಿ ಕಳುಹಿಸಬಹುದು. ಆದರೆ ಆ ಅಲೆಗಳು ಸ್ವಲ್ಪ ದೂರದಲ್ಲಿಯೇ ಬಲಗುಂದುತ್ತವೆ. ಗೋಡೆ, ಮರ, ಮಳೆ ಅವುಗಳಿಗೆ ಅಡ್ಡಿಯಾಗುತ್ತವೆ. ಆದುದರಿಂದಲೇ 700 ಮೆಗಾಹರ್ಟ್ಸ್‌ನ ಅಲೆ ಹಳ್ಳಿಗಾಡಿಗೆ ಹೆಚ್ಚು ಅನುಕೂಲ. 26 ಗಿಗಾಹರ್ಟ್ಸ್‌ನ ಅಲೆ ಜನಸಂದಣಿಯ ನಗರಕ್ಕೆ ತಕ್ಕುದು.

ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಕೆರೆಯ ನೀರನ್ನು ಹಂಚಲು ನೀರುಗಂಟಿ ಎಂಬುವನು ಇರುತ್ತಿದ್ದನು. ತೂಬನ್ನು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂಬುದನ್ನು ಊರಿನ ಕಟ್ಟಳೆಯಂತೆ ಅವನು ನಡೆಸುತ್ತಿದ್ದನು. ನೀರುಗಂಟಿಯು ಕೆರೆಯ ಒಡೆಯನಲ್ಲ. ಊರಿನ ಪರವಾಗಿ ಹಂಚುವವನು ಮಾತ್ರ. ತೂಬಿನ ಬಳಿಯ ಗದ್ದೆಗೆ ಎಷ್ಟು ಹಕ್ಕುಂಟೋ ಅಚ್ಚುಕಟ್ಟಿನ ಕೊನೆಯ ಗದ್ದೆಗೂ ಅಷ್ಟೇ ಹಕ್ಕುಂಟು ಎಂಬುದನ್ನು ಅವನು ಮರೆಯುವಂತಿರಲಿಲ್ಲ. ತರಂಗಗುಚ್ಛದ ವಿಷಯದಲ್ಲಿ ಸರ್ಕಾರದ ಸ್ಥಾನವೂ ಇಂತಹುದೇ. ಆದರೆ ನೀರಿಗೂ ಅಲೆಗೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ಇಂದು ಬಳಸದ ನೀರು ನಾಳೆಗೆ ಕೆರೆಯಲ್ಲಿ ಉಳಿಯುತ್ತದೆ. ಇಂದು ಬಳಸದ ಅಲೆಯ ಪ್ರಯೋಜನವು ಇಂದಿಗೇ ಕಳೆದುಹೋಗುತ್ತದೆ. ಅದನ್ನು ಕೂಡಿಡಲು ಬರುವುದಿಲ್ಲ. ಹಾಗೆಯೇ ಅಲೆಯು ಎಷ್ಟು ಬಳಸಿದರೂ ಸವೆಯುವುದಿಲ್ಲ. ಒಂದೇ ಸ್ಥಳದಲ್ಲಿ, ಒಂದೇ ಕಾಲದಲ್ಲಿ, ಒಂದೇ ಕಂಪನಾಂಕವನ್ನು ಇಬ್ಬರು ಎಚ್ಚರವಿಲ್ಲದೆ ಬಳಸಿದರೆ ಮಾತ್ರ ಇಬ್ಬರಿಗೂ ಅದು ಕೆಡುತ್ತದೆ. ಎಂದರೆ ಈ ಸಂಪತ್ತನ್ನು ಅತಿಯಾಗಿ ಬಿಗಿಹಿಡಿದರೂ ನಷ್ಟ, ಅತಿಯಾಗಿ ಸಡಿಲಬಿಟ್ಟರೂ ನಷ್ಟ.

ಅಲೆಗಳಿಗೆ ದೇಶದ ಗಡಿಯ ಪರಿವೆಯಿಲ್ಲ. ಆದುದರಿಂದ ಹಂಚಿಕೆಯ ಮೊದಲ ಹೆಜ್ಜೆ ರಾಷ್ಟ್ರಗಳ ನಡುವಿನ ಒಪ್ಪಂದ. 1906ರಲ್ಲಿ ಬರ್ಲಿನ್ ನಗರದಲ್ಲಿ ನಡೆದ ಸಮ್ಮೇಳನವು ಕಂಪನಿ ಯಾವುದೇ ಇರಲಿ, ಹಡಗುಗಳು ಮತ್ತು ಕರಾವಳಿ ಕೇಂದ್ರಗಳು ಪರಸ್ಪರ ಸಂದೇಶಗಳನ್ನು ಸ್ವೀಕರಿಸಬೇಕೆಂದು ಗೊತ್ತುಮಾಡಿತು, ಎಸ್.ಒ.ಎಸ್. ಎಂಬ ಆಪತ್ಸಂಕೇತವನ್ನೂ ಅಂಗೀಕರಿಸಿತು. 1927ರ ವಾಷಿಂಗ್ಟನ್ ಸಮ್ಮೇಳನವು ಹಡಗು, ಪ್ರಸಾರ, ವಿಮಾನ, ಹವ್ಯಾಸಿಗಳು ಹೀಗೆ ಒಂದೊಂದು ಬಳಕೆಗೂ ಕಂಪನಾಂಕಗಳ ಪಟ್ಟಿಯನ್ನು ರಚಿಸಿತು. ಈ ಕೆಲಸವನ್ನು ಇಂದು ನಡೆಸುತ್ತಿರುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. ತಂತಿ ಸಂದೇಶಗಳ ಕಾಲದಲ್ಲಿ, 1865ರಲ್ಲಿ, ಪ್ಯಾರಿಸ್ ನಗರದಲ್ಲಿ ಹುಟ್ಟಿದ ಈ ಸಂಸ್ಥೆಯಲ್ಲಿ ಭಾರತವು 1869ರಿಂದ ಸದಸ್ಯ ರಾಷ್ಟ್ರವಾಗಿದೆ. ಮೂರು ನಾಲ್ಕು ವರ್ಷಗಳಿಗೊಮ್ಮೆ ಸೇರುವ ಅದರ ವಿಶ್ವ ರೇಡಿಯೊ ಸಮ್ಮೇಳನದಲ್ಲಿ ಹೊಸ ಉಪಕರಣಗಳಿಗೆ ಎಡೆಮಾಡಿಕೊಡಲು ಪಟ್ಟಿಯನ್ನು ಪರಿಷ್ಕರಿಸುತ್ತಾರೆ. ಆ ಪಟ್ಟಿಗೆ ಅನುಗುಣವಾಗಿ ಪ್ರತಿಯೊಂದು ದೇಶವೂ ತನ್ನ ಹಂಚಿಕೆಯ ಯೋಜನೆಯನ್ನು ಸಿದ್ಧಪಡಿಸಿಕೊಳ್ಳುತ್ತದೆ. ಭಾರತದಲ್ಲಿ 1952ರಲ್ಲಿ ಸ್ಥಾಪಿತವಾದ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗವು ಈ ಹೊಣೆಯನ್ನು ಹೊತ್ತಿದೆ.

ಭಾರತದಲ್ಲಿ ಈ ನೀತಿಯ ಬೇರು ಬ್ರಿಟಿಷರ ಕಾಲದ ಎರಡು ಕಾಯಿದೆಗಳಲ್ಲಿದೆ. 1885ರ ತಂತಿ ಕಾಯಿದೆಯು ಸಂಪರ್ಕ ವ್ಯವಸ್ಥೆಯನ್ನು ಸ್ಥಾಪಿಸುವ ಅಧಿಕಾರವನ್ನು ಸರ್ಕಾರಕ್ಕೇ ಮೀಸಲಿಟ್ಟಿತು. 1933ರ ನಿಸ್ತಂತು ಕಾಯಿದೆಯು ಪರವಾನಗಿಯಿಲ್ಲದೆ ರೇಡಿಯೊ ಉಪಕರಣವನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು. ಮನೆಯಲ್ಲಿ ರೇಡಿಯೊ ಪೆಟ್ಟಿಗೆಯುಳ್ಳವರು ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ ಪರವಾನಗಿ ಪಡೆಯಬೇಕಾದ ಪದ್ಧತಿ 1980ರ ದಶಕದ ಮಧ್ಯಭಾಗದವರೆಗೂ ನಡೆಯಿತು. ಆದರೂ ಆಕಾಶವು ಬಹುಮಟ್ಟಿಗೆ ತೆರವಾಗಿದ್ದ ಆ ಮೊದಲ ದಿನಗಳಲ್ಲಿ ಉತ್ಸಾಹಿಗಳಿಗೆ ಅವಕಾಶವಿತ್ತು. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಸಣ್ಣ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದರ ಹೆಸರು 'ಆಕಾಶವಾಣಿ'. ಮುಂದೆ ಆ ಹೆಸರೇ ಇಡೀ ಭಾರತದ ಬಾನುಲಿಗೆ ಹೆಸರಾಯಿತು.

ಸ್ವಾತಂತ್ರ್ಯಾನಂತರ ಪ್ರಸಾರವು ದಶಕಗಳ ಕಾಲ ಸರ್ಕಾರದ ಕೈಯಲ್ಲಿಯೇ ಇತ್ತು. ಅದರಿಂದ ದೇಶಕ್ಕೆ ಲಾಭಗಳೂ ಆದವು. ಶಾಲೆಗಳಿಗೆ, ರೈತರಿಗೆ, ಸಂಗೀತಾಸಕ್ತರಿಗೆ ಆಕಾಶವಾಣಿಯು ಸೇವೆ ಸಲ್ಲಿಸಿತು. 1975-76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನ ಶಿಕ್ಷಣವನ್ನು ತಲಪಿಸಿದ ಪ್ರಯೋಗದಲ್ಲಿ ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಗ್ರಾಮಗಳೂ ಸೇರಿದ್ದವು. ಆದರೆ ಎಲ್ಲ ಅಲೆಗಳೂ ಒಂದೇ ಕೈಯಲ್ಲಿರುವುದು ಸರಿಯೇ ಎಂಬ ಪ್ರಶ್ನೆ ಕ್ರಮೇಣ ಎದ್ದಿತು. ಕ್ರಿಕೆಟ್ ಪಂದ್ಯಗಳ ನೇರ ಪ್ರಸಾರದ ವಿಷಯವಾಗಿ ಹುಟ್ಟಿದ ವ್ಯಾಜ್ಯವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರ ಫೆಬ್ರವರಿ 9ರಂದು ಮಹತ್ವದ ತೀರ್ಪನ್ನು ನೀಡಿತು. ವಾಯುತರಂಗಗಳು ಸಾರ್ವಜನಿಕ ಸ್ವತ್ತು. ಅವುಗಳ ಮೇಲೆ ಸರ್ಕಾರದ ಏಕಸ್ವಾಮ್ಯವೂ ಸಲ್ಲದು, ಖಾಸಗಿಯವರ ಏಕಸ್ವಾಮ್ಯವೂ ಸಲ್ಲದು. ಜನಹಿತಕ್ಕಾಗಿ ಸಾರ್ವಜನಿಕ ಪ್ರಾಧಿಕಾರವೊಂದು ಅವುಗಳನ್ನು ನಿಯಂತ್ರಿಸಬೇಕು ಎಂಬುದು ಆ ತೀರ್ಪಿನ ಸಾರ. ಇದರ ತರುವಾಯ, 2001ರ ಜುಲೈ ತಿಂಗಳಲ್ಲಿ, ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರವು ಬೆಂಗಳೂರಿನಲ್ಲಿ ಪ್ರಸಾರವನ್ನು ಆರಂಭಿಸಿತು.

ಅಲೆಗಳು ಜನರ ಸ್ವತ್ತೆಂಬುದು ಸ್ಥಿರಪಟ್ಟಿತು. ಆದರೆ ಜನರ ಸ್ವತ್ತನ್ನು ಹಂಚುವ ಬಗೆ ಯಾವುದು? ಇದಕ್ಕೆ ಲೋಕದಲ್ಲಿ ನಾಲ್ಕು ಮಾರ್ಗಗಳನ್ನು ಪ್ರಯೋಗಿಸಿ ನೋಡಲಾಗಿದೆ. ನಾಲ್ಕರಲ್ಲಿಯೂ ಗುಣವಿದೆ, ದೋಷವೂ ಇದೆ.

ಮೊದಲನೆಯದು ಯೋಗ್ಯತೆಯ ಪರೀಕ್ಷೆ. ಅರ್ಜಿಗಳನ್ನು ತರಿಸಿಕೊಂಡು, ಯಾರು ಸಮರ್ಥರೆಂಬುದನ್ನು ಅಧಿಕಾರಿಗಳ ಮಂಡಲಿಯು ವಿಚಾರಿಸಿ ತೀರ್ಮಾನಿಸುತ್ತದೆ. ಇದು ನ್ಯಾಯವಾದುದೆಂದು ತೋರಿದರೂ ವಿಚಾರಣೆ ವರ್ಷಗಟ್ಟಲೆ ಸಾಗುತ್ತದೆ. ತೀರ್ಮಾನಿಸುವವರ ಒಲವು ಮುಲಾಜುಗಳಿಗೂ ಎಡೆಯಾಗುತ್ತದೆ. ಎರಡನೆಯದು ಚೀಟಿ ಎತ್ತುವುದು. ಸಂಚಾರಿ ದೂರವಾಣಿಯ ಆರಂಭಕಾಲದಲ್ಲಿ, 1980ರ ದಶಕದಲ್ಲಿ, ಅಮೆರಿಕವು ಹೀಗೆ ಮಾಡಿ ನೋಡಿತು. ಚೀಟಿಯಲ್ಲಿ ಹೆಸರು ಬಂದರೆ ಸಾಕು, ಭಾಗ್ಯ ತೆರೆಯುವುದೆಂದು ದೂರವಾಣಿಯ ಗಂಧವೇ ಇಲ್ಲದವರೂ ಅರ್ಜಿ ಹಾಕಿದರು. 1989ರಲ್ಲಿ ಹೀಗೆ ಒಂದು ಪ್ರದೇಶದ ಪರವಾನಗಿಯನ್ನು ಗೆದ್ದ ಗುಂಪೊಂದು ಅದನ್ನು ದೂರವಾಣಿ ಸಂಸ್ಥೆಗೆ 4 ಕೋಟಿ 10 ಲಕ್ಷ ಡಾಲರುಗಳಿಗೆ ಮಾರಿಬಿಟ್ಟಿತು. ಜನರ ಸ್ವತ್ತಿನ ಬೆಲೆ ಜನರಿಗೆ ಬರಲಿಲ್ಲ, ಅದೃಷ್ಟವಂತರ ಪಾಲಾಯಿತು.

ಮೂರನೆಯದು ಮೊದಲು ಬಂದವರಿಗೆ ಮೊದಲು ಕೊಡುವ ಕ್ರಮ. ಬಸ್ಸಿನ ಚೀಟಿಗೆ ಇದು ಸರಿಯಾದ ನಿಯಮವೇ. ಆದರೆ ಬೆಲೆಬಾಳುವ ಸ್ವತ್ತಿಗೆ ಇದನ್ನು ಅನ್ವಯಿಸಿದಾಗ ಏನಾಗುತ್ತದೆಂಬುದನ್ನು ಭಾರತವು ಕಷ್ಟದಿಂದ ಕಲಿಯಿತು. 2008ರಲ್ಲಿ ಎರಡನೆಯ ತಲೆಮಾರಿನ ಸಂಚಾರಿ ದೂರವಾಣಿಗಾಗಿ ಈ ಕ್ರಮದಲ್ಲಿ ಪರವಾನಗಿಗಳನ್ನು ಕೊಟ್ಟು, ಅದರೊಂದಿಗೆ ಅಲೆಗಳನ್ನೂ ಹಂಚಲಾಯಿತು. ಪಡೆದವರು ತೆರಬೇಕಾಗಿದ್ದುದು 2001ರಲ್ಲಿ ಗೊತ್ತಾಗಿದ್ದ ಬೆಲೆ. ಆ ಏಳು ವರ್ಷಗಳಲ್ಲಿ ದೂರವಾಣಿಯ ಬಳಕೆ ಅಪಾರವಾಗಿ ಬೆಳೆದಿತ್ತು. ಬೆಲೆ ಮಾತ್ರ ಹಳೆಯದೇ ಉಳಿದಿತ್ತು. ಅರ್ಜಿಗಳ ಕಡೆಯ ದಿನಾಂಕವನ್ನು ಹಿಂದಕ್ಕೆ ಸರಿಸಿದುದು, ಕೆಲವೇ ಗಂಟೆಗಳೊಳಗೆ ಹಣ ಮತ್ತು ಪತ್ರಗಳೊಡನೆ ಹಾಜರಾಗಬೇಕೆಂದು ವಿಧಿಸಿದುದು ಟೀಕೆಗೆ ಗುರಿಯಾದವು. ಸರ್ವೋಚ್ಚ ನ್ಯಾಯಾಲಯವು 2012ರ ಫೆಬ್ರವರಿ 2ರಂದು 122 ಪರವಾನಗಿಗಳನ್ನು ರದ್ದುಮಾಡಿತು. ಮೊದಲು ಬಂದವರಿಗೆ ಎಂಬ ಕ್ರಮದಲ್ಲಿ ಸುದ್ದಿ ಮುಂಚಿತವಾಗಿ ತಿಳಿದವನಿಗೆ ಲಾಭವಾಗುತ್ತದೆ. ಅದರಲ್ಲಿ ಮೂಲತಃ ದೋಷವಿದೆ ಎಂದು ಅದು ಹೇಳಿತು. ಈ ಪ್ರಕರಣದಲ್ಲಿ ಆರೋಪಕ್ಕೊಳಗಾದವರನ್ನು 2017ರಲ್ಲಿ ವಿಶೇಷ ನ್ಯಾಯಾಲಯವು ದೋಷಮುಕ್ತರೆಂದು ಬಿಡುಗಡೆ ಮಾಡಿತು. ವ್ಯಕ್ತಿಗಳ ಅಪರಾಧದ ಮಾತು ಬೇರೆ, ನೀತಿಯ ಗುಣದೋಷದ ಮಾತು ಬೇರೆ. ರದ್ದಾದ ಪರವಾನಗಿಗಳು ಮಾತ್ರ ಮರಳಿ ಊರ್ಜಿತವಾಗಲಿಲ್ಲ.

ನಾಲ್ಕನೆಯದು ಹರಾಜು. ಹೆಚ್ಚು ಬೆಲೆ ಕೊಡಲು ಸಿದ್ಧನಿರುವವನು ಅಲೆಯನ್ನು ಹೆಚ್ಚು ಚೆನ್ನಾಗಿ ಬಳಸಬಲ್ಲನೆಂಬುದು ಇದರ ಹಿಂದಿನ ತರ್ಕ. 1959ರಲ್ಲಿ ರೊನಾಲ್ಡ್ ಕೋಸ್ ಎಂಬ ಅರ್ಥಶಾಸ್ತ್ರಜ್ಞನು ಇಂತಹ ವಾದವನ್ನು ಮುಂದಿಟ್ಟಾಗ ಹಲವರು ನಕ್ಕರು. ಆದರೆ ಕಾಲಕ್ರಮದಲ್ಲಿ ಅದೇ ಪದ್ಧತಿ ಅನೇಕ ದೇಶಗಳಲ್ಲಿ ನೆಲೆಗೊಂಡಿತು. ಹರಾಜನ್ನೂ ಎಚ್ಚರಿಕೆಯಿಂದ ರೂಪಿಸಬೇಕು. 1990ರಲ್ಲಿ ನ್ಯೂಜಿಲೆಂಡ್ ದೇಶವು ಮುಚ್ಚಿದ ಲಕೋಟೆಗಳ ಮೂಲಕ ಹರಾಜು ನಡೆಸಿತು. ಗೆದ್ದವನು ತಾನು ಬರೆದ ಬೆಲೆಯನ್ನಲ್ಲ, ಎರಡನೆಯ ಸ್ಥಾನದಲ್ಲಿರುವವನು ಬರೆದ ಬೆಲೆಯನ್ನು ಕೊಟ್ಟರೆ ಸಾಕೆಂಬುದು ಅಲ್ಲಿನ ನಿಯಮ. ಕನಿಷ್ಠ ಬೆಲೆಯನ್ನು ಗೊತ್ತುಮಾಡಿರಲಿಲ್ಲ. ಒಂದು ಲಕ್ಷ ಡಾಲರು ಬರೆದಿದ್ದ ಸಂಸ್ಥೆಯೊಂದು 6 ಡಾಲರು ಕೊಟ್ಟು ಪರವಾನಗಿಯನ್ನು ಪಡೆಯಿತು! ಸಣ್ಣ ಪಟ್ಟಣವೊಂದರ ದೂರದರ್ಶನ ಪರವಾನಗಿಗೆ ಒಬ್ಬ ವಿದ್ಯಾರ್ಥಿಯು 1 ಡಾಲರು ಬರೆದನು. ಬೇರೆ ಯಾರೂ ಲಕೋಟೆ ಹಾಕಿರಲಿಲ್ಲವಾಗಿ ಅವನು ಏನನ್ನೂ ಕೊಡಬೇಕಾಗಲಿಲ್ಲ. ಮುಂದೆ 1994ರಲ್ಲಿ ಅಮೆರಿಕವು ಪಾಲ್ ಮಿಲ್‌ಗ್ರೋಮ್ ಮತ್ತು ರಾಬರ್ಟ್ ವಿಲ್ಸನ್ ಮೊದಲಾದ ವಿದ್ವಾಂಸರ ನೆರವಿನಿಂದ ಹಲವು ಸುತ್ತುಗಳ, ಎಲ್ಲರ ಬೆಲೆಯೂ ಎಲ್ಲರಿಗೂ ತಿಳಿಯುವ ಹರಾಜನ್ನು ನಡೆಸಿತು. ಹರಾಜಿನ ಕುರಿತು ಮಾಡಿದ ಶೋಧನೆಗಾಗಿ ಈ ಇಬ್ಬರಿಗೂ 2020ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ಭಾರತವು 2010ರಲ್ಲಿ ಮೂರನೆಯ ತಲೆಮಾರಿನ ಅಲೆಗಳನ್ನು ಹೀಗೆ ಹಲವು ಸುತ್ತುಗಳ ಹರಾಜಿನಲ್ಲಿ ಹಂಚಿತು. 34 ದಿನ, 183 ಸುತ್ತುಗಳ ಕಾಲ ನಡೆದ ಆ ಹರಾಜಿನಿಂದ ಬೊಕ್ಕಸಕ್ಕೆ ಸುಮಾರು 67,700 ಕೋಟಿ ರೂಪಾಯಿ ಬಂದಿತು. ಹಾಗೆಂದು ಹರಾಜೇ ಸಕಲ ರೋಗಕ್ಕೂ ಮದ್ದೆಂದು ಭಾವಿಸಬಾರದು. ಸರ್ಕಾರವು ಲಾಭದ ಆಸೆಯಿಂದ ಕನಿಷ್ಠ ಬೆಲೆಯನ್ನು ಅತಿಯಾಗಿ ಏರಿಸಿದರೆ ಕೊಳ್ಳುವವರೇ ಇರುವುದಿಲ್ಲ. ಹಳ್ಳಿಗಾಡಿಗೆ ಅತ್ಯಂತ ಉಪಯುಕ್ತವಾದ 700 ಮೆಗಾಹರ್ಟ್ಸ್‌ನ ಅಲೆಗಳಿಗೆ 2016ರಲ್ಲಿ ಮೆಗಾಹರ್ಟ್ಸ್ ಒಂದಕ್ಕೆ ದೇಶಕ್ಕೆಲ್ಲ ಸೇರಿ 11,485 ಕೋಟಿ ರೂಪಾಯಿಗಳ ಕನಿಷ್ಠ ಬೆಲೆಯನ್ನು ನಿಗದಿಮಾಡಲಾಯಿತು. ಒಬ್ಬರೂ ಮುಂದೆ ಬರಲಿಲ್ಲ. 2021ರಲ್ಲಿ ಬೆಲೆಯನ್ನು ಇಳಿಸಿದರೂ ಯಾರೂ ಕೊಳ್ಳಲಿಲ್ಲ. 2022ರಲ್ಲಿ 3,927 ಕೋಟಿಗೆ ಇಳಿಸಿದ ಮೇಲೆಯೇ ಅವು ಮಾರಾಟವಾದವು. ಆರು ವರ್ಷಗಳ ಕಾಲ ಆ ಅಲೆಗಳು ಸುಮ್ಮನೆ ಬಿದ್ದಿದ್ದವು. ಅಲೆಯ ಪ್ರಯೋಜನವನ್ನು ಕೂಡಿಡಲು ಬರುವುದಿಲ್ಲವೆಂದು ಹಿಂದೆಯೇ ಹೇಳಿದೆಯಷ್ಟೆ. ಆ ಆರು ವರ್ಷಗಳಲ್ಲಿ ಅವುಗಳಿಂದ ಹಳ್ಳಿಗಳಿಗೆ ಒದಗಬಹುದಾಗಿದ್ದ ಸೇವೆಯು ಯಾರಿಗೂ ದಕ್ಕದೆ ಹೋಯಿತು. ಬೊಕ್ಕಸ ತುಂಬುವುದೊಂದೇ ಹಂಚಿಕೆಯ ಗುರಿಯಾಗಲಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮತ್ತೂ ಒಂದು ವಿಚಾರವಿದೆ. ಹಣ ಕೊಟ್ಟು ಕೊಳ್ಳಲಾರದ, ಆದರೂ ಲೋಕಕ್ಕೆ ಬೇಕಾದ ಬಳಕೆಗಳು ಹಲವು. ಸಮುದ್ರದಲ್ಲಿ ಆಪತ್ತಿಗೆ ಸಿಲುಕಿದವರ ಕರೆಗಾಗಿ 156.8 ಮೆಗಾಹರ್ಟ್ಸ್‌ನ ಅಲೆಯನ್ನೂ, ವಿಮಾನಗಳ ತುರ್ತು ಕರೆಗಾಗಿ 121.5 ಮೆಗಾಹರ್ಟ್ಸ್‌ನ ಅಲೆಯನ್ನೂ ಲೋಕದಾದ್ಯಂತ ಮೀಸಲಿಡಲಾಗಿದೆ. ಅವು ಹೆಚ್ಚು ಹೊತ್ತು ಮೌನವಾಗಿರುತ್ತವೆ. ಆ ಮೌನವು ವ್ಯರ್ಥವಲ್ಲ. ಒಂದು ಕ್ಷೀಣವಾದ ಕೂಗು ಕೇಳಿಸಲೆಂದೇ ಕಾಯ್ದಿಟ್ಟ ಮೌನ ಅದು. ವಿಜ್ಞಾನಕ್ಕೂ ಇಂತಹ ಮೌನ ಬೇಕು. ವಿಶ್ವದಲ್ಲೆಲ್ಲ ಹರಡಿರುವ ಜಲಜನಕದ ಪರಮಾಣುಗಳು ಸುಮಾರು 1,420 ಮೆಗಾಹರ್ಟ್ಸ್‌ನಲ್ಲಿ ಅತಿ ಸೂಕ್ಷ್ಮವಾದ ಅಲೆಗಳನ್ನು ಹೊಮ್ಮಿಸುತ್ತವೆ. ಅವುಗಳನ್ನು ಆಲಿಸಲು ಅನುವಾಗುವಂತೆ 1,400ರಿಂದ 1,427 ಮೆಗಾಹರ್ಟ್ಸ್‌ಗಳ ನಡುವೆ ಯಾರೂ ಪ್ರಸಾರ ಮಾಡಬಾರದೆಂದು ಅಂತರರಾಷ್ಟ್ರೀಯ ನಿಯಮವಿದೆ. ಗೌರಿಬಿದನೂರಿನ ಬಳಿ 1970ರ ದಶಕದಲ್ಲಿ ಸ್ಥಾಪಿತವಾದ ರೇಡಿಯೊ ದೂರದರ್ಶಕವು 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸಿತು. ನಗರದ ಗದ್ದಲದಿಂದ ದೂರವಾದ ತಾಣಗಳನ್ನು ಇಂತಹ ಕೆಲಸಕ್ಕೆ ಆರಿಸುವುದು ಈ ಕಾರಣದಿಂದಲೇ.

ಹವ್ಯಾಸಿ ರೇಡಿಯೊ ಬಳಕೆದಾರರಿಗೂ ಅಲೆಗಳ ಒಂದು ಪಾಲನ್ನು ಬಿಡಲಾಗಿದೆ. ಇದರಿಂದ ಬೊಕ್ಕಸಕ್ಕೆ ಬರುವುದು ಅತ್ಯಲ್ಪ. ಆದರೆ 2004ರ ಡಿಸೆಂಬರ್ 26ರಂದು ಸುನಾಮಿಯು ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳನ್ನು ಅಪ್ಪಳಿಸಿ ಸಂಪರ್ಕವನ್ನೆಲ್ಲ ಕಡಿದುಹಾಕಿದಾಗ, ಹವ್ಯಾಸಕ್ಕೆಂದು ಅಲ್ಲಿಗೆ ಹೋಗಿದ್ದ ತಂಡವೇ ತನ್ನ ಯಂತ್ರಗಳಿಂದ ಹೊರಲೋಕಕ್ಕೆ ಸುದ್ದಿ ಮುಟ್ಟಿಸಿ ನೆರವಾಯಿತು.

ಬಡವರ ಧ್ವನಿಗೂ ಅಲೆಯ ಪಾಲು ಬೇಕು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2000ರ ದಶಕದ ಆರಂಭದಲ್ಲಿ ಗ್ರಾಮಸ್ಥರು 'ನಮ್ಮ ಧ್ವನಿ' ಎಂಬ ಹೆಸರಿನಲ್ಲಿ ತಮ್ಮ ಕಾರ್ಯಕ್ರಮಗಳನ್ನು ತಾವೇ ತಯಾರಿಸತೊಡಗಿದರು. ಆದರೆ ಅವುಗಳನ್ನು ಅಲೆಯ ಮೂಲಕ ಬಿತ್ತರಿಸಲು ಅಂದಿನ ನಿಯಮಗಳು ಗ್ರಾಮಸಂಸ್ಥೆಗಳಿಗೆ ಅನುಮತಿ ಕೊಡುತ್ತಿರಲಿಲ್ಲ. ತಲೆಯ ಮೇಲೆ ತೆರೆದ ಆಕಾಶವಿದ್ದರೂ ಅವರು ಕೇಬಲ್ ತಂತಿಯ ಮೂಲಕ ಧ್ವನಿಯನ್ನು ಮನೆಮನೆಗೆ ಮುಟ್ಟಿಸಬೇಕಾಯಿತು! ಎಷ್ಟೋ ಕಡೆಗಳಿಂದ ಒತ್ತಾಯ ಬಂದ ಮೇಲೆ 2006ರಲ್ಲಿ ಸರ್ಕಾರವು ನೀತಿಯನ್ನು ಸಡಿಲಿಸಿ, ಸೇವಾ ಸಂಸ್ಥೆಗಳೂ ಸಮುದಾಯ ಬಾನುಲಿ ಕೇಂದ್ರಗಳನ್ನು ನಡೆಸಬಹುದೆಂದು ಒಪ್ಪಿತು. ಬೇಸಾಯ, ಆರೋಗ್ಯ, ಸ್ಥಳೀಯ ಹಾಡು ಕತೆಗಳನ್ನು ಊರಿನ ನುಡಿಯಲ್ಲಿಯೇ ಬಿತ್ತರಿಸುವ ಕೇಂದ್ರಗಳು ದೇಶದ ನಾನಾ ಭಾಗಗಳಲ್ಲಿ ಹುಟ್ಟಿಕೊಂಡವು.

ಇನ್ನು ಕೆಲವು ಅಲೆಗಳನ್ನು ಯಾರಿಗೂ ಕೊಡದೆ, ಯಾರಿಂದಲೂ ಕೇಳದೆ, ಎಲ್ಲರಿಗೂ ತೆರೆದಿಡುವ ಕ್ರಮವೂ ಉಂಟು. ಊರಿನ ಗೋಮಾಳದಲ್ಲಿ ಯಾರ ದನವಾದರೂ ಮೇಯಬಹುದಲ್ಲವೆ? ಅದರಂತೆ 2.4 ಗಿಗಾಹರ್ಟ್ಸ್‌ನ ಸುತ್ತಣ ಅಲೆಗಳನ್ನು 2005ರಲ್ಲಿ ಭಾರತವು ಪರವಾನಗಿಯಿಂದ ಮುಕ್ತಗೊಳಿಸಿತು. ಶಕ್ತಿಯು ಗೊತ್ತಾದ ಮಿತಿಯೊಳಗಿರಬೇಕು, ಇತರರಿಂದ ಅಡಚಣೆಯಾದರೆ ಸಹಿಸಿಕೊಳ್ಳಬೇಕು ಎಂಬುದಷ್ಟೇ ಷರತ್ತು. ಅಡುಗೆಮನೆಯ ಮೈಕ್ರೋವೇವ್ ಒಲೆಗಳ ಸೋರಿಕೆಯಿಂದ ಕೆಡುವ ಈ ಅಲೆಗಳನ್ನು ಒಂದು ಕಾಲಕ್ಕೆ ಕೆಲಸಕ್ಕೆ ಬಾರದವೆಂದು ಎಣಿಸಿದ್ದರು. ಇಂದು ಶಾಲೆ, ಮನೆ, ಆಸ್ಪತ್ರೆ, ರೈಲು ನಿಲ್ದಾಣಗಳ ವೈ-ಫೈ ಸಂಪರ್ಕವು ಬಹುಮಟ್ಟಿಗೆ ಇಂತಹ ಮುಕ್ತ ಅಲೆಗಳ ಮೇಲೆ ನಿಂತಿದೆ.

ಹೊಸ ತಂತ್ರಜ್ಞಾನಗಳು ಬಂದಂತೆಲ್ಲ ಹಳೆಯ ಪ್ರಶ್ನೆಗಳು ಹೊಸ ರೂಪದಲ್ಲಿ ಎದುರಾಗುತ್ತವೆ. ಭಾರತದಲ್ಲಿ 2022ರ ಅಕ್ಟೋಬರ್ 1ರಂದು ಐದನೆಯ ತಲೆಮಾರಿನ ಸಂಚಾರಿ ಸಂಪರ್ಕವು ಆರಂಭವಾಯಿತು. ಅದಕ್ಕೆ ಮೊದಲು ನಡೆದ ಹರಾಜಿನಲ್ಲಿ ಸುಮಾರು ಒಂದೂವರೆ ಲಕ್ಷ ಕೋಟಿ ರೂಪಾಯಿಗಳಿಗೆ ಅಲೆಗಳು ಮಾರಾಟವಾಗಿದ್ದವು. ಆದರೆ ಈ ಸಂಪರ್ಕಕ್ಕೆ ಮೀಸಲಾದ ಅಲೆಗಳ ಸಾಲಿನಿಂದ ಸ್ವಲ್ಪ ಮೇಲೆಯೇ, 4.2ರಿಂದ 4.4 ಗಿಗಾಹರ್ಟ್ಸ್‌ಗಳ ನಡುವೆ, ವಿಮಾನಗಳು ನೆಲದಿಂದ ತಮ್ಮ ಎತ್ತರವನ್ನು ಅಳೆಯುವ ಉಪಕರಣವು ಕೆಲಸ ಮಾಡುತ್ತದೆ. ಒಂದರಿಂದ ಮತ್ತೊಂದಕ್ಕೆ ತೊಡಕಾದರೆ ಇಳಿಯುವ ವಿಮಾನಕ್ಕೆ ಅಪಾಯ. 2022ರ ಜನವರಿಯಲ್ಲಿ ಅಮೆರಿಕದಲ್ಲಿ ಈ ಭಯದಿಂದ ಅನೇಕ ವಿಮಾನಯಾನಗಳು ರದ್ದಾದವು. ಭಾರತವು ಅದೇ ವರ್ಷದ ನವೆಂಬರಿನಲ್ಲಿ, ವಿಮಾನಗಳ ಓಡುಹಾದಿಯ ಎರಡೂ ತುದಿಗಳಿಂದ 2.1 ಕಿಲೋಮೀಟರಿನೊಳಗೆ ಈ ಅಲೆಗಳ ಗೋಪುರಗಳನ್ನು ನಿಲ್ಲಿಸಬಾರದೆಂದು ಕಂಪನಿಗಳಿಗೆ ಸೂಚಿಸಿತು. ಹೀಗೆ ಅಲೆಗಳ ಅಚ್ಚುಕಟ್ಟಿನಲ್ಲಿ ಒಂದು ಗದ್ದೆಯ ಬದುವನ್ನು ಸರಿಸಿದರೆ ಪಕ್ಕದ ಗದ್ದೆಯನ್ನೂ ನೋಡಬೇಕಾಗುತ್ತದೆ.

ಉಪಗ್ರಹಗಳ ಮೂಲಕ ನೇರವಾಗಿ ಅಂತರ್ಜಾಲವನ್ನು ಒದಗಿಸುವ ಸಂಸ್ಥೆಗಳು ಮತ್ತೊಂದು ಚರ್ಚೆಯನ್ನು ಎಬ್ಬಿಸಿವೆ. ನೆಲದ ಮೇಲಿನ ಗೋಪುರಗಳ ಅಲೆಯನ್ನು ಒಂದು ಪ್ರದೇಶದಲ್ಲಿ ಒಬ್ಬನಿಗೆ ಮಾತ್ರ ಕೊಡಬೇಕಾಗುತ್ತದೆ. ಉಪಗ್ರಹಗಳ ಅಲೆಯನ್ನಾದರೋ ಹಲವು ಸಂಸ್ಥೆಗಳು ಹೊಂದಾಣಿಕೆಯಿಂದ ಒಟ್ಟಿಗೆ ಬಳಸಬಹುದು. ಆದುದರಿಂದ ಇದನ್ನು ಹರಾಜು ಹಾಕದೆ, ಗೊತ್ತಾದ ಬೆಲೆಗೆ ಆಡಳಿತದ ಮೂಲಕವೇ ಹಂಚಬೇಕೆಂದು ಒಂದು ಪಕ್ಷ ವಾದಿಸಿತು. ಹಣ ತೆತ್ತು ಅಲೆ ಕೊಂಡವರೊಡನೆ ಸ್ಪರ್ಧೆಗಿಳಿಯುವವರಿಗೆ ಬೇರೆ ನ್ಯಾಯವೇಕೆಂದು ಇನ್ನೊಂದು ಪಕ್ಷ ಕೇಳಿತು. 1885 ಮತ್ತು 1933ರ ಕಾಯಿದೆಗಳ ಸ್ಥಾನದಲ್ಲಿ ನಿಲ್ಲಲೆಂದು ಸಂಸತ್ತು 2023ರಲ್ಲಿ ದೂರಸಂಪರ್ಕ ಕಾಯಿದೆಯನ್ನು ಅಂಗೀಕರಿಸಿತು. ಅಲೆಗಳನ್ನು ಸಾಮಾನ್ಯವಾಗಿ ಹರಾಜಿನ ಮೂಲಕವೇ ಕೊಡಬೇಕೆಂದು ಅದು ವಿಧಿಸಿದೆ. ರಕ್ಷಣೆ, ವಿಪತ್ತು ನಿರ್ವಹಣೆ, ವಿಮಾನ ಮತ್ತು ಹಡಗುಗಳ ಸುರಕ್ಷತೆ, ಸಮುದಾಯ ಬಾನುಲಿ, ಕೆಲವು ಬಗೆಯ ಉಪಗ್ರಹ ಸೇವೆಗಳು ಇವೇ ಮೊದಲಾದವುಗಳಿಗೆ ಹರಾಜಿನಿಂದ ವಿನಾಯಿತಿಯನ್ನು ಕೊಟ್ಟಿದೆ. ಪಡೆದವರು ಬಳಸದೆ ಇಟ್ಟುಕೊಂಡ ಅಲೆಗಳನ್ನು ಹಿಂದಕ್ಕೆ ಪಡೆಯುವ ಅಧಿಕಾರವನ್ನೂ ಸರ್ಕಾರಕ್ಕೆ ನೀಡಿದೆ. ಲಾಭ ಕಡಿಮೆಯಿರುವ ಹಳ್ಳಿಗಾಡುಗಳಿಗೆ ಸಂಪರ್ಕವನ್ನು ಒಯ್ಯಲು ನಿಧಿಯೊಂದನ್ನು ಏರ್ಪಡಿಸಿದೆ.

ಇವೆಲ್ಲವನ್ನೂ ಪರ್ಯಾಲೋಚಿಸಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಅಲೆಗಳನ್ನು ಹಂಚಲು ಎಲ್ಲ ಕಾಲಕ್ಕೂ ಎಲ್ಲ ಬಳಕೆಗೂ ಒಪ್ಪುವ ಒಂದೇ ಸೂತ್ರವಿಲ್ಲ. ಲಾಭ ತರುವ ವ್ಯಾಪಾರಕ್ಕೆ ಬೆಲೆ ಕಟ್ಟುವುದು ನ್ಯಾಯ. ಪ್ರಾಣರಕ್ಷಣೆಗೆ, ವಿಜ್ಞಾನಕ್ಕೆ, ಹಳ್ಳಿಯ ಧ್ವನಿಗೆ ಪಾಲನ್ನು ಕಾಯ್ದಿಡುವುದೂ ನ್ಯಾಯ. ಎಲ್ಲರೂ ಕೂಡಿ ಬಳಸಬಲ್ಲ ಕಡೆ ಬೇಲಿಯನ್ನು ತೆಗೆದುಬಿಡುವುದೂ ನ್ಯಾಯ. ಯಾವುದನ್ನು ಎಲ್ಲಿ ಅನುಸರಿಸಬೇಕೆಂಬ ವಿವೇಕವೇ ನೀತಿ. ಆ ವಿವೇಕವು ತಪ್ಪಿದಾಗಲೆಲ್ಲ ನಷ್ಟವನ್ನು ಹೊತ್ತವರು ಸಾಮಾನ್ಯ ಜನರೇ.

ನೆಲ, ಜಲ, ಅರಣ್ಯಗಳು ಕಣ್ಣಿಗೆ ಕಾಣುತ್ತವೆ. ಅವು ಒತ್ತುವರಿಯಾದರೆ ಊರಿನವರಿಗೆ ತಿಳಿಯುತ್ತದೆ. ಅಲೆಗಳು ಕಾಣುವುದಿಲ್ಲ. ಅವುಗಳ ಹಂಚಿಕೆಯಲ್ಲಿ ಅನ್ಯಾಯವಾದರೂ ಯಾರ ಹೊಲದ ಬದುವೂ ಕದಲಿದಂತೆ ತೋರುವುದಿಲ್ಲ. ಆದುದರಿಂದಲೇ ಈ ಸಂಪತ್ತಿಗೆ ಇತರ ಸಂಪತ್ತುಗಳಿಗಿಂತ ಹೆಚ್ಚಾದ ಎಚ್ಚರಿಕೆ ಬೇಕು. ಕೆರೆಯ ನೀರು ಕೊನೆಯ ಗದ್ದೆಯನ್ನು ಮುಟ್ಟಿತೇ ಎಂದು ನೋಡಿ ನೀರುಗಂಟಿಯ ಕೆಲಸವನ್ನು ಅಳೆಯುತ್ತಿದ್ದರು. ದೇಶದ ಕಟ್ಟಕಡೆಯ ಊರಿಗೂ ಕಟ್ಟಕಡೆಯ ಮನೆಗೂ ಈ ಅಲೆಗಳ ಫಲ ಮುಟ್ಟಿತೇ ಎಂಬುದರಿಂದಲೇ ಅಲೆಗಳ ನೀತಿಯನ್ನೂ ಅಳೆಯಬೇಕು. ಸ್ವತ್ತು ತಮ್ಮದೆಂದು ಅರಿತ ಪ್ರಜೆಗಳು ಹಾಗೆ ಅಳೆದು ಕೇಳುತ್ತಿದ್ದರೆ ಮಾತ್ರ ಹಂಚುವವರು ನಿಯಮವನ್ನು ಮೀರದೆ ನಡೆಯುತ್ತಾರೆ.